ಮುಖ ಕಾಣದ ಎರಡು ಫೋಟೊ

ರಾಣೆಬೆನ್ನೂರಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಗಾಜು ಒರೆಸುತ್ತ, "ಅವಸರ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಅಲ್ಲಿ ಅವಸರ ಮಾಡುವವರು ಯಾರೂ ಇರುತ್ತಿರಲಿಲ್ಲ. ಅಂಗಡಿಯ ಗೋಡೆ ತುಂಬ ದೇವರು, ನಡುವೆ ಚಂದ್ರನ ಮೇಲೆ ನಿಂತವನ ಹಳೆಯ ಫೋಟೊ.

ನಮ್ಮವ್ವನದು ಇದ್ದದ್ದೇ ಒಂದು ಫೋಟೊ. ಗೆದ್ದಲು ಅದರ ಮುಖವನ್ನೇ ತಿಂದಿತ್ತು.

"ಕಂಪ್ಯೂಟರಿನಾಗ ಯಾವದಾರ ಒಂದು ಮುಖ ಕೂಡಿಸೋ" ಎಂದು ಅದನ್ನು ಅವನ ಮುಂದಿಟ್ಟೆ.

"ಕಂಡೋರ ಮುಖ ನಿಮ್ಮವ್ವಗ ಯಾಕ, ಆಯಿ? ಚಂದ್ರನ ಮ್ಯಾಲೆ ಹೋದಾವನ ಮುಖಾನೂ ಟೊಪ್ಪಿಗಿಯೊಳಗ ಕಾಣಂಗಿಲ್ಲ. ಆದ್ರೂ ಎಲ್ಲಾರೂ ಗುರ್ತು ಹಿಡೀತಾರ."

"ಅವಗ ಕುಂಕುಮ ಹಚ್ಚೋರು ಯಾರದಾರೋ? ನಾ ಎಲ್ಲಿ ಹಚ್ಚಲಿ?"

"ಅವ್ವನ ಹಣಿ ಎಲ್ಲಿತ್ತಂತ ನಿನಗ ಗೊತ್ತಿಲ್ಲೇನು?"

ಅವನನ್ನು ಬೈದುಕೊಳ್ಳುತ್ತಲೇ ಫೋಟೊ ಮನೆಗೆ ತಂದೆ. ಗೋಡೆಗೆ ತೂಗುಹಾಕಿ, ಕುಂಕುಮ ಹಿಡಿದು ನಿಂತೆ. ಬೆರಳು ಹುಡುಕಾಡಲಿಲ್ಲ.