ಗಂಟೆ ನಿಂತ ಮೇಲೆ

ದೇಶದ ಶಾಸನಸಭೆಯಲ್ಲಿ ಅವನದು ಬಾಗಿಲಿನ ಕೆಲಸ. ಮತದಾನದ ಗಂಟೆ ಬಾರಿಸುತ್ತಿರುವಷ್ಟು ಹೊತ್ತು ಬಾಗಿಲು ತೆರೆದಿರಬೇಕು, ನಿಂತ ಕೂಡಲೇ ಮುಚ್ಚಬೇಕು. ಆಮೇಲೆ ಮತ ಎಣಿಸಿ ಮುಗಿಯುವವರೆಗೆ ಯಾರಿಗೂ ಪ್ರವೇಶವಿಲ್ಲ. ಜೊತೆಯವರು ಅವನನ್ನು ಚಿಲಕ ಎಂದು ಕರೆಯುತ್ತಿದ್ದರು. ಅವನಿಗೂ ಅದು ಒಗ್ಗಿಹೋಗಿತ್ತು. ಒಮ್ಮೆ ಮಂತ್ರಿಯೊಬ್ಬರು ಏದುಸಿರು ಬಿಡುತ್ತ ಬಂದು, “ನನ್ನನ್ನೇ ತಡೆಯೋಕೆ ನೀನ್ಯಾವ ದೊಣ್ಣೆನಾಯಕನಯ್ಯಾ?” ಎಂದು ಗದರಿದಾಗ, “ಈ ಬಾಗಿಲಿನ ಮಟ್ಟಿಗೆ ನಾನೇ ಸಾರ್” ಎಂದಿದ್ದ. ಇದನ್ನು ಅವನು ನೆಂಟರ ಮನೆಗಳಲ್ಲಿ ಹೇಳಿ ಹೇಳಿ ನಗಿಸಿದ್ದ. ತಾನು ಯಾರಿಗೂ ಸೊಪ್ಪು ಹಾಕುವವನಲ್ಲ ಎಂದು ಅವನು ನಂಬಿಕೊಂಡದ್ದು ಹೀಗೆ.

ಅವನನ್ನು ಸಾಕಿದವಳು ಅಕ್ಕ. ಕಲ್ಲುಕ್ವಾರಿಯಲ್ಲಿ ಜಲ್ಲಿ ಹೊತ್ತು ತಮ್ಮನನ್ನು ಓದಿಸಿದಳು. ಅದೇ ಕ್ವಾರಿಯಲ್ಲಿದ್ದ ಭಾವ ಕಲ್ಲಿನ ದೂಳು ಎದೆಗಿಳಿದು ತೀರಿಕೊಂಡ. ಈಗ ಅಕ್ಕನಿಗೂ ಅದೇ ಕೆಮ್ಮು ಹತ್ತಿತ್ತು. ಅದು ಸಿಗರೇಟಿನ ಕೆಮ್ಮು ಎಂದು ಮಾಲೀಕರ ಡಾಕ್ಟರ್ ಬರೆದುಕೊಟ್ಟಿದ್ದ. ಅಕ್ಕ ಸಿಗರೇಟು ಮುಟ್ಟಿದವಳೇ ಅಲ್ಲ.

ಕ್ವಾರಿಯಿದ್ದ ಕ್ಷೇತ್ರದ ಸದಸ್ಯರು ಒಂದು ಮಸೂದೆ ಮಂಡಿಸಿದರು. ಕ್ವಾರಿಯವರ ಎದೆಯ ರೋಗ ಕೆಲಸದಿಂದಲೇ ಬಂದದ್ದೆಂದು ಕಾನೂನು ಒಪ್ಪಬೇಕು, ಚಿಕಿತ್ಸೆಯ ಹೊಣೆ ಮಾಲೀಕರು ಹೊರಬೇಕು ಎಂಬುದು ಅದರ ಸಾರ. ಸದಸ್ಯರ ಹೆಸರಿನಲ್ಲಿ ಇಂಥ ಮಸೂದೆಗಳು ಬೇಕಾದಷ್ಟಿದ್ದವು. ಮಂಡಿಸಿದ್ದರ ಪಟ್ಟಿ ಉದ್ದ, ಮತ ಹಾಕಿದ್ದರ ಪಟ್ಟಿ ಗಿಡ್ಡ. ಸಭೆಯ ಜವಾನರಿಗೆಲ್ಲ ಇದು ನಗೆಯ ವಿಷಯವಾಗಿತ್ತು. ಊರಿನಲ್ಲಿ ಅಕ್ಕ ಮಾತ್ರ ಚಪ್ಪಲಿ ಸವೆಸಿಕೊಂಡು ಮನೆಮನೆಗೆ ಹೋಗಿ, “ನಮ್ಮೋರು ಅಂತ ಒಬ್ರಿದಾರೆ ಅಂದ್ರೆ ಇವರೇ ಕಣ್ರೇ” ಎಂದು ಸದಸ್ಯರ ಪರ ಮಾತಾಡುತ್ತಿದ್ದಳು. ಚಿಲಕ ಅವಳಿಗೆ ಏನೂ ಹೇಳಿರಲಿಲ್ಲ. ಹೇಳಿ ಅವಳ ಉತ್ಸಾಹಕ್ಕೆ ಯಾಕೆ ತಣ್ಣೀರೆರಚಲಿ ಎಂದುಕೊಂಡಿದ್ದ.

ಅಂಥ ಮಸೂದೆಗಳು ಸಾಮಾನ್ಯವಾಗಿ ಮತಕ್ಕೇ ಬರುವುದಿಲ್ಲ. ಯಾರ ಲೆಕ್ಕ ತಪ್ಪಿತೋ, ಇದು ಬಂತು. ಗಂಟೆ ಬಾರಿಸತೊಡಗಿತು. ಸದಸ್ಯರು ಒಬ್ಬೊಬ್ಬರಾಗಿ ಒಳಗೆ ನುಗ್ಗಿದರು. ಮಸೂದೆ ತಂದವರು ಮಾತ್ರ ಪಡಸಾಲೆಯ ಕೊನೆಯ ಕಂಬದ ಮರೆಯಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು. ಒಂದು ಗಾಜು ಒರೆಸಿ, ಇನ್ನೊಂದು ಒರೆಸಿ, ಮತ್ತೆ ಮೊದಲನೆಯದಕ್ಕೆ ಬಂದರು. ಚಿಲಕ ನೋಡಿದ. ಅವರೂ ತಲೆಯೆತ್ತಿ ನೋಡಿದರು. ಕ್ವಾರಿಯವರ ಮತವೂ ಬೇಕು, ಮಾಲೀಕರ ಸ್ನೇಹವೂ ಬೇಕು ಎಂಬುದು ಆ ಮುಖದಲ್ಲಿ ಬರೆದಿಟ್ಟ ಹಾಗಿತ್ತು. “ಸಾರ್, ಬನ್ನಿ” ಎಂದು ಕೂಗುವುದಕ್ಕೆ ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಅವನು ಕೂಗಲಿಲ್ಲ. ಗಂಟೆ ನಿಂತಿತು. ಬಾಗಿಲು ಹಾಕಿದ.

ಆಗ ಹೊರಗಡೆ ಓಡಿಬಂದ ಸದ್ದಾಯಿತು. “ಬಾಗಿಲು ತೆಗಿ! ಅದು ನನ್ನ ಮಸೂದೆ ಕಣಯ್ಯಾ!” ಎಂದು ಸದಸ್ಯರು ಎರಡು ಕೈಯಲ್ಲೂ ಬಡಿಯುತ್ತಿದ್ದರು. ಪಡಸಾಲೆಯಲ್ಲಿದ್ದ ಪತ್ರಕರ್ತರು ಅದನ್ನೆಲ್ಲ ಬರೆದುಕೊಂಡರು. ಒಳಗೆ ಮಸೂದೆ ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು.

ಮರುದಿನ ಸದಸ್ಯರು ಬಾಗಿಲ ಬಳಿ ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು. “ನಿನ್ನ ಮೇಲೆ ದೂರು ಕೊಡಿ ಅಂತ ಎಲ್ರೂ ಹೇಳಿದ್ರು. ಬೇಡ, ಪಾಪ, ಅವನು ಅವನ ಕೆಲಸ ಮಾಡಿದಾನೆ ಅಂದೆ.”

“ಉಪಕಾರ ಆಯ್ತು ಸಾರ್” ಎಂದ ಚಿಲಕ.

ಆ ಮಾತು ಬಾಯಿಂದ ತಾನೇ ಜಾರಿತ್ತು. ಸಂಜೆ ಸಮವಸ್ತ್ರ ಕಳಚಿ ಗೂಟಕ್ಕೆ ಹಾಕುವಾಗ ಅದು ನೆನಪಾಗಿ ಕಿವಿ ಬಿಸಿಯಾಯಿತು.

ಸುದ್ದಿ ಊರು ತಲುಪಲು ತಡವಾಗಲಿಲ್ಲ. ಅಕ್ಕ ಬಸ್ಸು ಹತ್ತಿ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಕೇಳಿದಳು.

“ಒಂದು ಉಸಿರು ತಡ ಮಾಡೋಕೆ ಆಗ್ಲಿಲ್ವೇನೋ ನಿಂಗೆ? ಕೇರಿಯಲ್ಲಿ ತಲೆ ಎತ್ತೋ ಹಾಗಿಲ್ಲ. ನಿನ್ನ ತಮ್ಮನೇ ಅಂತೆ ಕದ ಹಾಕಿದ್ದು ಅಂತಾರೆ.”

ಅವನು ಕಂಬದ ವಿಷಯ ಹೇಳಿದ. ಅವಳು ನಂಬುವುದಿಲ್ಲ ಎಂದುಕೊಂಡಿದ್ದ. ಅವಳು ಕೂಡಲೇ ನಂಬಿದಳು.

“ಆಮೇಲೆ ಸಿಕ್ಕಿದ್ರಾ?”

“ಸಿಕ್ಕಿದ್ರು.”

“ನೀನೇನಂದೆ?”

ಅವನು ನೆಲ ನೋಡಿದ. ಕೊನೆಗೆ ಹೇಳಿದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಮ್ಮು ಬಂದದ್ದಕ್ಕೋ, ಬೇರೆ ಕಾರಣಕ್ಕೋ ತಿಳಿಯಲಿಲ್ಲ.

“ಕ್ವಾರಿ ಹೆಂಗಸರ ಮುಂದೆ ಬಂದು ಇದನ್ನ ಹೇಳ್ತೀಯಾ?” ಎಂದಳು.

“ಬಾಗಿಲ ಹತ್ರ ಕಂಡಿದ್ದನ್ನ ಹೊರಗೆ ಆಡಬಾರ್ದು ಅಂತ ಸಹಿ ಹಾಕಿದೀನಿ ಅಕ್ಕಾ. ನಿವೃತ್ತಿ ಹತ್ರ ಬಂತು. ಪಿಂಚಣಿ ಹೋಗುತ್ತೆ.”

“ಸರಿಯಪ್ಪಾ, ಹಾಗಾದ್ರೆ ನಿನ್ನ ಬಾಗಿಲು ನೀನು ಕಾಯ್ಕೋ” ಎಂದವಳು ಊಟಕ್ಕೂ ನಿಲ್ಲದೆ ಹೊರಟಳು.

ಚುನಾವಣೆ ಬಂತು. ಅಕ್ಕನ ಊರಿನ ಸಭಾಂಗಣದಲ್ಲಿ ಸದಸ್ಯರ ಭಾಷಣ. ಚಿಲಕ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಸದಸ್ಯರು ತಾವು ಮಂಡಿಸಿದ ಮಸೂದೆಗಳನ್ನು ಒಂದೊಂದಾಗಿ ಹೆಸರಿಸಿದರು. ಬಾಗಿಲಿನ ಕಥೆಗೆ ಬಂದಾಗ ಬಡಿದದ್ದು ಹೇಗೆಂದು ಎರಡು ಕೈಯೆತ್ತಿ ತೋರಿಸಿದರು. ಆಗ ಮುಂದಿನ ಸಾಲಿನಿಂದ ಅಕ್ಕ ಎದ್ದಳು.

“ಓಡಿ ಬರೋಕೆ ಮುಂಚೆ ನೀವು ಎಲ್ಲಿ…” ಎನ್ನುವಷ್ಟರಲ್ಲಿ ಕೆಮ್ಮು ಅವಳನ್ನು ಎರಡಾಗಿ ಬಗ್ಗಿಸಿತು.

“ನೋಡಿ, ಇಂಥ ತಾಯಂದಿರಿಗಾಗಿಯೇ ನನ್ನ ಹೋರಾಟ!” ಎಂದರು ಸದಸ್ಯರು. ಸಭೆ ಚಪ್ಪಾಳೆ ತಟ್ಟಿತು.

ಚಿಲಕ ಎದ್ದು ಮುಂದೆ ಹೋದ, ಅಕ್ಕನನ್ನು ಹಿಡಿದುಕೊಳ್ಳಲೆಂದು. ಅವಳು ತೋಳು ಕೊಸರಿಕೊಂಡಳು.

“ನನ್ನ ಬಿಡು. ಎದ್ದಿದ್ದೀಯಲ್ಲ, ಹೇಳು.”

“ಸಾರ್” ಎಂದ ಅವನು. ಆ ದನಿ ಅವನಿಗೇ ಅಸಹ್ಯವೆನಿಸಿತು. “ನೀವು ಕಂಬದ ಹಿಂದೆ ಕನ್ನಡಕ ಒರೆಸ್ತಾ ನಿಂತಿದ್ರಿ. ಗಂಟೆ ಬಾರಿಸ್ತಿತ್ತು. ನಾನು ನೋಡಿದೆ. ನೀವೂ ನನ್ನ ನೋಡಿದ್ರಿ. ನಾನೂ ಕರೀಲಿಲ್ಲ.”

ಮೊದಲ ಮೂರು ಸಾಲಿಗೆ ಕೇಳಿಸಿತು. ಹಿಂದಿನವರು “ಏನಂತೆ? ಏನಂತೆ?” ಎಂದು ಕೇಳುತ್ತಿದ್ದರು. ಮುಂದಿನ ಹೆಂಗಸರು ತಿರುಗಿ, ತಂತಮ್ಮ ಮಾತಿನಲ್ಲಿ, ಅದನ್ನು ಹಿಂದಕ್ಕೆ ದಾಟಿಸತೊಡಗಿದರು. ಸದಸ್ಯರು ಧ್ವನಿವರ್ಧಕ ಸರಿಪಡಿಸುವಂತೆ ಯಾರಿಗೋ ಸನ್ನೆ ಮಾಡಿದರು.

ಅಕ್ಕ ಕುರ್ಚಿಯಲ್ಲಿ ಕೂತು ಉಸಿರು ಹಿಡಿಯುತ್ತಿದ್ದಳು. ಅವನು ಪಕ್ಕದಲ್ಲಿ ನಿಂತಿದ್ದ. ಪಿಂಚಣಿಯ ಯೋಚನೆ ಆಗ ಅವನಿಗೆ ಬರಲಿಲ್ಲ. ಇದೇ ಮಾತನ್ನು ಆ ದಿನ ಬಾಗಿಲಲ್ಲೇ, ಉಪಕಾರ ಎನ್ನುವ ಬದಲು, ಹೇಳಿದ್ದರೆ ಎಷ್ಟು ಸಣ್ಣ ಮಾತಾಗಿರುತ್ತಿತ್ತು ಎಂದು ಮಾತ್ರ ಹೊಳೆಯಿತು. ಅಕ್ಕ ಅವನ ಕಡೆ ತಿರುಗಿ ನೋಡಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವನು ಕೂತ.