ಕೀಲಿ ಹಾಕಿದ ಕಾರು

ಬೀದರದ ಗಾಂಧಿ ಗಂಜದ ಹಿಂದಿನ ಓಣಿಗಳಲ್ಲಿ ನನ್ನ ಕೈಕೆಲಸ ಇಲ್ಲದ ಮನೆ ಕಡಿಮೆ. ಕಿಟಕಿಯ ಗ್ರಿಲ್ಲು, ಗೇಟು, ಬಾಗಿಲ ಕೊಂಡಿ, ಎಲ್ಲ ನಾನೇ ವೆಲ್ಡಿಂಗ್ ಮಾಡಿದ್ದು. ಔರಾದಿನ ಒಂದು ಮನೆಯಲ್ಲಿ ನನ್ನ ಗೇಟು ಮುರಿಯಲು ಬಂದ ಕಳ್ಳರು ತಮ್ಮ ಹಾರೆಯನ್ನೇ ಡೊಂಕು ಮಾಡಿಕೊಂಡು ಅಲ್ಲೇ ಬಿಟ್ಟು ಓಡಿದರು. ಆ ಡೊಂಕು ಹಾರೆ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಗಿರಾಕಿ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಆರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಕೆಲಸ ಕಲಿಸಿದ ಉಸ್ತಾದರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. "ದೇಖ್" ಅಂದು ಮಾಡಿ ತೋರಿಸಿ, ಸಾಮಾನು ನನ್ನ ಕೈಗೆ ಕೊಡುತ್ತಿದ್ದರು. ಹಾಗೆ ಕಲಿತದ್ದು ಇವತ್ತಿಗೂ ಮರೆತಿಲ್ಲ.

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ನಮ್ಮ ಮನೆತನಕ್ಕೇ ಅದು ಮೊದಲ ಕಾರು. ಅದು ಕಳುವಾದರೆ ಇನ್ನೊಂದು ಈ ಜನ್ಮದಲ್ಲಿ ಬರುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಸೀಟಿನ ಕೆಳಗೆ ಒಂದು ಗುಪ್ತ ಸ್ವಿಚ್ಚು ಕೂಡಿಸಿದೆ. ಒತ್ತಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಬಂದ್. ಗಾಡಿ ಚಾಲೂ ಆಗಿ, ಹತ್ತಿಪ್ಪತ್ತು ಹೆಜ್ಜೆ ಹೋಗಿ, ಕೆಮ್ಮಿ ನಿಲ್ಲುತ್ತದೆ.

ಆ ಸ್ವಿಚ್ಚು ಗೊತ್ತಿದ್ದದ್ದು ಇಬ್ಬರಿಗೇ. ನನಗೆ, ನನ್ನ ಸೊಸೆಗೆ. ಸೊಸೆ ಮೈಸೂರು ಕಡೆಯವಳು, ಬಂದು ಒಂದು ತಿಂಗಳಾಗಿತ್ತು. ಗಾಡಿ ನನಗಿಂತ ಚಂದ ಹೊಡೆಯುತ್ತಾಳೆ. ಅವಳ ಕೈ ಹಿಡಿದು ಸ್ವಿಚ್ಚಿನ ಮೇಲಿಟ್ಟು, "ಇಳಿಯುವಾಗ ಹಿಂಗ" ಅಂತ ತೋರಿಸಿದ್ದೆ.

ಅಂಥದರಲ್ಲಿ ಭಾಲ್ಕಿಯಲ್ಲಿ ನನ್ನ ಹೆಂಡತಿಯ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಮಗ ಅಂಗಡಿ ನೋಡಿಕೊಂಡ. ನಾನು, ಹೆಂಡತಿ, ಸೊಸೆ ಮೂವರು ಹೊರಟೆವು. ಇಕ್ಕಟ್ಟಿನ ಓಣಿಯಲ್ಲಿ ಸೊಸೆ ಗಾಡಿ ನಿಲ್ಲಿಸಿದಳು. ಉಡುಗೊರೆಗೆ ತಂದ ತೊಟ್ಟಿಲನ್ನು ಹೆಂಡತಿಯ ಜೊತೆ ಹೊತ್ತು ಮುಂದೆ ನಡೆಯುತ್ತ ನಾನು ಸೊಸೆಗೆ ಹೇಳಿದೆ, "ಗಾಡಿಗಿ ಕೀಲಿ ಹಾಕಿ ಬಾರವ್ವ."

"ಆಯ್ತು ಮಾವ."

ಊಟಕ್ಕೆ ಕೂತಾಗ ಮತ್ತೆ ಕೇಳಿದೆ, "ಕೀಲಿ ಹಾಕೀಯೇನವ್ವ?"

"ಹಾಕಿದೀನಿ ಮಾವ."

ನಿಶ್ಚಿಂತೆಯಿಂದ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಹೊರಗೆ ಬಂದರೆ ಗಾಡಿ ಇಲ್ಲ! ಎಡಬಲ ನೋಡುತ್ತ ಓಣಿಯಲ್ಲಿ ಓಡಿದೆ. ಆಗ ಓಣಿಯ ತಿರುವಿನಲ್ಲಿದ್ದ ಚಹಾದಂಗಡಿಯವನು ಕೂಗಿದ.

"ಬಿಳಿ ಗಾಡಿ ನಿಮ್ದೇನ್ರಿ ಕಾಕಾ? ಇಲ್ಲೇ ಅದ ನೋಡ್ರಿ. ನಿಮ್ಮ ಹುಡುಗ ಇನ್ನಾ ಮಿಸ್ತ್ರಿನ್ನ ಕರ್ಕೊಂಡು ಬಂದಿಲ್ಲ."

"ಯಾವ ಹುಡುಗ?"

"ಗಾಡಿ ಹೊಡೀಲಿಕತ್ತಿದ್ನಲ್ರಿ! ಇಲ್ಲಿತನಕ ಬಂದು ಬಂದ್ ಬಿತ್ತು. ಧಕ್ಕಾ ಕೊಡ್ರಿ ಅಂದ. ನಾವು ಐದು ಮಂದಿ ಕೊಟ್ಟೇವಿ, ಬೆವರಿಳೀತು. ಚಾಲೂ ಆಗಲಿಲ್ಲ. ಚಾವಿ ನನ್ನ ಕೈಯಾಗ ಕೊಟ್ಟು, ಜೋಪಾನ ಭೈಯಾ, ಅಂದು ಹೋದ."

ಕಳ್ಳನೇ ಚಾವಿ ಜೋಪಾನ ಅಂದು ಹೋಗಿದ್ದ! ನಾನು ನಿಜ ಹೇಳಿದಾಗ ಆ ಐದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಹಿಂದೆಯೇ ಬಂದ ಬೀಗರೆಲ್ಲ ನೆರೆದರು. ಹೆಂಡತಿ ಶುರು ಮಾಡಿದಳು, "ಊರ ಮಂದಿ ಮನಿಗೆಲ್ಲಾ ಬಂದೋಬಸ್ತ್ ಮಾಡ್ತಾನ, ತನ್ನ ಗಾಡಿ ಚಾವಿ ಕಳ್ಳಗ ಕೊಡ್ತಾನ!"

ನಾನು ಸೊಸೆಯ ಕಡೆ ತಿರುಗಿದೆ. ಅವಳ ಮುಖ ಸಣ್ಣದಾಗಿತ್ತು.

"ನೀವೇ ಹೇಳಿದ್ರಲ್ಲ ಮಾವ, ಕೀಲಿ ಹಾಕಿ ಬಾ ಅಂತ. ಇಕ್ಕಟ್ಟು ಜಾಗ, ಯಾರಾದ್ರೂ ಗಾಡಿ ಸರಿಸಬೇಕಾಗುತ್ತೆ ಅಂತ ಹೇಳ್ತಿದೀರ ಅಂದ್ಕೊಂಡೆ. ಗಾಡಿಗೇ ಹಾಕಿ ಬಂದೆ."

ಆಗ ಹೊಳೆಯಿತು. ನಮಗೆ ಕೀಲಿ ಅಂದರೆ ಬಾಗಿಲಿಗೆ ತೂಗುವುದು, ತೆಗೆಯುವುದು ಚಾವಿ. ಅವಳ ಊರಲ್ಲಿ ತೆಗೆಯುವುದೇ ಕೀಲಿ, ತೂಗುವುದು ಬೀಗ. ನಮ್ಮ ಕಡೆ ಬೀಗ ಅಂದರೆ ಸಂಬಂಧಿಕ. ಬಾಗಿಲಿಗೆ ಬೀಗರನ್ನು ತೂಗುಹಾಕಲು ಆಗುತ್ತದೆಯೆ? ನಮ್ಮ ಮನೆಯಲ್ಲಿ ಹೆಂಡತಿ ಸದಾ ಇರುತ್ತಾಳೆ, ಹಗಲು ಕೀಲಿ ಬೀಳುವುದೇ ಇಲ್ಲ. ಹೀಗಾಗಿ ಆ ಮಾತು ಒಂದು ತಿಂಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಹೊಸ ಸೊಸಿ, ಮೊದಲನೇ ಸಲಕ್ಕೇ ಹಿಂಗ," ಅಂತ ಬೀಗರ ಪೈಕಿ ಯಾರೋ ಒಬ್ಬ ಅತ್ತೆ ರಾಗ ಎಳೆದಳು. ಸೊಸೆಯ ಕಣ್ಣು ತುಂಬಿದವು.

ನಾನು ಬಾಗಿ ಸೀಟಿನ ಕೆಳಗೆ ಕೈ ಹಾಕಿದೆ. ಸ್ವಿಚ್ಚು ಒತ್ತಿಟ್ಟ ಹಾಗೇ ಇತ್ತು.

"ಇದನ್ನ ಯಾರು ಒತ್ತಿದ್ರು?"

"ನಾನೇ. ನೀವು ತೋರಿಸಿದ್ರಲ್ಲ, ಇಳಿಯೋವಾಗ ಹಿಂಗೆ ಅಂತ."

ಬಾಯಲ್ಲಿ ಹೇಳಿದ್ದು ಕೆಟ್ಟಿತ್ತು. ಕೈಯಲ್ಲಿ ತೋರಿಸಿದ್ದು ಗಾಡಿ ಉಳಿಸಿತ್ತು. ಆ ಅತ್ತೆಗೆ ಕೇಳುವಂತೆ ಜೋರಾಗಿ ಹೇಳಿದೆ, "ತಪ್ಪು ನಂದು. ಗಾಡಿ ಉಳಿಸಿದಾಕಿ ಇಕಿ." ನಾನು ತಪ್ಪು ಒಪ್ಪಿಕೊಂಡದ್ದು ಹೆಂಡತಿ ಅವತ್ತೇ ಮೊದಲು ಕೇಳಿದ್ದು. ಅವಳು ಕಣ್ಣರಳಿಸಿ ನೋಡಿದಳು.

ಸಂಜೆಯ ಹೊತ್ತಿಗೆ ಬೀದರ ಮುಟ್ಟಿದೆವು. ಗಾಡಿ ಹೊಡೆದವಳು ಸೊಸೆಯೇ. ಗೇಟಿನ ಮುಂದೆ ನಿಲ್ಲಿಸಿ, ಸ್ವಿಚ್ಚು ಒತ್ತಿ, ಚಾವಿ ಬೆರಳಿಗೆ ಸಿಕ್ಕಿಸಿಕೊಂಡು ಕೇಳಿದಳು.

"ಕೀಲಿ ಹಾಕ್ಲಾ ಮಾವ? ನಿಮ್ಮೂರಿಂದೋ, ನಮ್ಮೂರಿಂದೋ?"

ನಾನು ಚಾವಿ ಇಸಕೊಂಡು, ಗಾಡಿಯ ಬಾಗಿಲಿಗೆ ಹಾಕಿ ಹೊರಳಿಸಿ, ತೋರಿಸಿದೆ.