ತಡೆದುಕೊಳ್ಳುವ ಕೆಲಸ

ಮಧುಗಿರಿಯಲ್ಲಿ ನಾನು ಮಾಡುತ್ತಿದ್ದುದು ಫೋನಿನಲ್ಲಿ ಬೈಸಿಕೊಳ್ಳುವ ಕೆಲಸ. ಕಾಲ್ ಸೆಂಟರ್ ಅಂದರೆ ಅದೇ. ನನ್ನದು ಪಾವಗಡ, ತೆಲುಗೂ ಬರುತ್ತದೆ ಅಂತ ಎರಡೂ ಭಾಷೆಯ ಬೈಗುಳ ನನ್ನ ಪಾಲಿಗೇ. ಸಂಬಳ ಮಾತ್ರ ಒಂದೇ ಭಾಷೆಯದು.

ರಾತ್ರಿ ಪಾಳಿ. ಹಗಲು ಮಲಗೋಣವೆಂದರೆ ರೂಮು ಬೆಟ್ಟದ ಬುಡದಲ್ಲಿ, ಬಂಡೆಯ ಕಾವಿಗೆ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಕೆಲಸಕ್ಕೆ ಕೂತ ಮೇಲೆ ಕಣ್ಣು ಎಳೆಯುತ್ತಿತ್ತು. ಅದಕ್ಕೆ ಟೀ. ಟೀ ಕುಡಿದ ಮೇಲೆ ಉಚ್ಚೆಗೆ ಏಳಬೇಕಲ್ಲ? ಏಳಬೇಕಾದರೆ ಕೈ ಎತ್ತಬೇಕು, ಸೂಪರ್‌ವೈಸರ್ ತಲೆಯಾಡಿಸಬೇಕು. ಕರೆಗಳು ಸಾಲುಗಟ್ಟಿದ್ದರೆ ಆತ ನೋಡಿಯೂ ನೋಡದವನಂತೆ ಇರುತ್ತಿದ್ದ. ಪಕ್ಕದ ಸೀಟಿನ ಶಿರಾದ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. "ನಮ್ ಮನೇಲಿ ವರ್ಸಕ್ಕೊಂದ್ ತಿಂಗ್ಳು ರಂಜಾನ್ ರೋಜಾ, ಇಲ್ಲಿ ವರ್ಸವೆಲ್ಲಾ ರೋಜಾ ಕಣೇ" ಎಂದು ನಗುತ್ತಿದ್ದಳು. ನನಗೆ ಟೀ ಬಿಡಲಾಗಲಿಲ್ಲ. ತಡೆದುಕೊಳ್ಳುವುದನ್ನು ಕಲಿತೆ. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಆ ಬಗ್ಗೆ ಜಂಬವೂ ಇತ್ತು.

ಜ್ವರ, ಕಿಬ್ಬೊಟ್ಟೆ ನೋವು ಮತ್ತೆ ಮತ್ತೆ ಬರತೊಡಗಿದಾಗ ಅಮ್ಮ ಊರಿಂದ ಬಂದು ಸ್ಕ್ಯಾನಿಂಗ್‌ಗೆ ಕರೆದೊಯ್ದಳು. "ನೀರು ಕುಡೀರಿ, ಅವಸರ ಆದಾಗ ಹೇಳಿ" ಎಂದಳು ನರ್ಸ್. ಬೆಂಚಿನಲ್ಲಿದ್ದ ಹೆಂಗಸರೆಲ್ಲ ಕಾಲು ಹಿಂಡಿಕೊಂಡು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ನಾನು ಕುಡಿಯುತ್ತಲೇ ಇದ್ದೆ. ಏನೂ ಆಗಲಿಲ್ಲ.

ಕೊನೆಗೆ ಹಾಗೇ ಮಲಗಿಸಿ ನೋಡಿದ ಡಾಕ್ಟರು ಪರದೆಯಿಂದ ನನ್ನ ಕಡೆ ತಿರುಗಿದರು. "ಇಷ್ಟು ತುಂಬಿದೆಯಲ್ಲಮ್ಮಾ, ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ನನ್ನ ಮೈ ನನಗೆ ಹೇಳುವುದನ್ನೇ ಬಿಟ್ಟಿತ್ತು. ಭಯವಾಯಿತು.

"ಹೋಗಿ ಬನ್ನಿ, ಖಾಲಿ ಆಗುತ್ತಾ ನೋಡೋಣ. ಆಗ್ಲಿಲ್ಲ ಅಂದ್ರೆ ಪೈಪ್ ಹಾಕ್ಬೇಕಾಗುತ್ತೆ" ಎಂದರು.

ಹೋಗಿ ಕೂತೆ. ಬರಲಿಲ್ಲ. ನಲ್ಲಿ ತಿರುಗಿಸಿ ನೀರು ಬಿಟ್ಟೆ, ಆಗಲೂ ಬರಲಿಲ್ಲ. ಯಾರ ಅಪ್ಪಣೆಯೂ ಬೇಕಿರದ ಕಡೆ ಕೂತಿದ್ದೆ, ಆದರೂ ಬರಲಿಲ್ಲ.

ಬಾಗಿಲಾಚೆಯಿಂದ ಅಮ್ಮ, "ಏಮ್ಮಾ, ಆಯ್ತೇನೆ?" ಎಂದಳು.

"ಬತ್ತಿಲ್ಲ ಕಣಮ್ಮ."

ಅವಳು, ಅಷ್ಟು ಜನ ಕೂತಿದ್ದಾರೆ ಎಂಬುದನ್ನೂ ನೋಡದೆ, ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ಉಚ್ಚೆ ಮಾಡಿಸುವಾಗಿನಂತೆ, ಬಾಗಿಲಿಗೆ ಬಾಯಿ ಇಟ್ಟು "ಸ್ಸ್... ಸ್ಸ್..." ಎನ್ನತೊಡಗಿದಳು.

ನನಗೆ ಅಳು ಬಂತು. ಬಂದದ್ದು ಅದೊಂದೇ.